ಮಗ್ಗದ ನಡೆಗೆ ತಿರುಗಿದ ಪ್ಲೇಟು

ಅವನು ನಕ್ಕನೋ ಇಲ್ಲವೋ ನನಗೆ ಈಗಲೂ ಖಚಿತವಿಲ್ಲ. ಚಳ್ಳಕೆರೆಯ ಕ್ಲಬ್ಬಿನ ಹಜಾರದಲ್ಲಿ, ಹಿಂಬಾಗಿಲ ಹತ್ತಿರ, ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಭುಜಗಳು ಅಲುಗುತ್ತಿದ್ದವು. ಅವನ ಬೆನ್ನ ಹಿಂದಿನಿಂದ ಸಂಜೆ ಬಿಸಿಲು ಒಳಗೆ ಬೀಳುತ್ತಿತ್ತು. ಇಷ್ಟು ನನ್ನ ಕಣ್ಣಿಗೆ ಕಟ್ಟಿದೆ. ತೊಂದರೆ ಏನೆಂದರೆ ಆ ಹಿಂಬಾಗಿಲು ಇದ್ದದ್ದು ಪೂರ್ವಕ್ಕೆ. ಸಂಜೆ ಬಿಸಿಲು ಅಲ್ಲಿಂದ ಬರಲಾರದು. ಬಿಸಿಲನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದರೆ, ಭುಜದ ಅಲುಗಾಟವನ್ನೂ ಸೇರಿಸಿಕೊಂಡಿರಬಹುದು. ಆದರೂ ಆ ನಗುವನ್ನು ನಂಬಿ ಒಂದು ಸ್ನೇಹವನ್ನು ಮುರಿದುಕೊಂಡೆ. ಹಾಗೆ ಮುರಿದುಕೊಂಡಿದ್ದು ಮಾತ್ರ ನಿಜ.

ಹಳೆಯ ಟೆನರ್ ಸ್ಯಾಕ್ಸೊಫೋನ್ ವಾದಕರ ರೆಕಾರ್ಡುಗಳನ್ನು ಎಲ್ಲಿಂದ ಕೇಳಲು ಶುರುಮಾಡಬೇಕು ಎಂದು ಈಗ ಕೆಲವರು ನನ್ನನ್ನು ಕೇಳುತ್ತಾರೆ. ನನ್ನ ಹತ್ತಿರ ಅಂಥ ಪ್ಲೇಟುಗಳ ಒಂದು ಕಪಾಟು ಇದೆ. ನಾನಿರುವ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲ. ಆದ್ದರಿಂದ ನಾನು ತಿಳಿದವನೆಂದು ಅವರ ಎಣಿಕೆ. ನಾನು ಶುರುಮಾಡಿದ ಜಾಗ ಒಂದನ್ನು ಬಿಟ್ಟು ಬೇರೆ ಎಲ್ಲಿಂದಲಾದರೂ ಶುರುಮಾಡಿ ಎನ್ನುತ್ತೇನೆ. ತಮಾಷೆಗೆ ಹೇಳುತ್ತಿದ್ದೇನೆಂದು ಅವರು ನಗುತ್ತಾರೆ.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಮುಗಿಸಿ, ಚಳ್ಳಕೆರೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ ವಿದ್ಯೆ: ಯಾರು ಏನೇ ಹೇಳಿದರೂ 'ನೀನು ಕಂಡೆಯಾ?' ಎಂದು ಕೇಳುವುದು. ಊರಿನ ಜನಕ್ಕೆ ಈ ವಿದ್ಯೆ ಹಿಡಿಸಲಿಲ್ಲ. ನನಗೂ ಅದರಿಂದ ಸುಖವಿರಲಿಲ್ಲ. ಒಂದು ಕಡೆ ಕೂರಲಾಗುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಎಣ್ಣೆ ಗಾಣಗಳ ಬೀದಿಯಲ್ಲಿ ಸುಮ್ಮನೆ ತಿರುಗುತ್ತಿದ್ದೆ. ಹಿಂಡಿಯ ವಾಸನೆ ಬಟ್ಟೆಗೆ ಹತ್ತಿಕೊಂಡು ಮನೆಗೆ ಬಂದರೂ ಬಿಡುತ್ತಿರಲಿಲ್ಲ. ಭಾನುವಾರ ಬಂದರೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗುತ್ತಿದ್ದೆ. ಅಲ್ಲಿ ಅವನಿದ್ದ.

ದುರ್ಗದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅವನದು ರೇಷ್ಮೆ ಸೀರೆ ನೇಯಿಸುವ ಮನೆತನ. ಮನೆಯ ಹಿಂಭಾಗದ ಉದ್ದನೆಯ ಅಂಕಣದಲ್ಲಿ ಕುಣಿ ಮಗ್ಗಗಳು ಸಾಲಾಗಿದ್ದವು. ನೇಯುವವರು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಿದ್ದುದರಿಂದ, ಒಳಗೆ ಹೋದವರಿಗೆ ಮೊದಲು ಕಾಣುತ್ತಿದ್ದುದು ಸಾಲು ತಲೆಗಳು. ಇವನು ಓದನ್ನು ಅರ್ಧಕ್ಕೆ ಬಿಟ್ಟು, ಸೀರೆಯ ಗಂಟು ಹೊತ್ತುಕೊಂಡು ಬಿಳಿಯರ ಸೈನ್ಯವಿದ್ದ ಬೆಂಗಳೂರಿನ ದಂಡಿನ ಕಡೆಗೆ ಹೋಗಿ ಮಾರಿಬರುತ್ತಿದ್ದ. ಬಾಯಿ ಚುರುಕು. ಯಾರನ್ನೂ ಕಾಡದೆ ಬಿಡುತ್ತಿರಲಿಲ್ಲ. ನನ್ನ ಅನುಮಾನಗಳನ್ನೆಲ್ಲ ಬೇಸರವಿಲ್ಲದೆ ಕೇಳುತ್ತಿದ್ದವನು ಆ ಸೀಮೆಯಲ್ಲಿ ಅವನೊಬ್ಬನೇ.

ಒಂದು ಭಾನುವಾರ ಹೋದಾಗ ಅಂಕಣದ ಜಗಲಿಯ ಮೇಲೆ ಕೊಂಬಿನ ಗ್ರಾಮಫೋನು ಕೂತಿತ್ತು. ದಂಡಿನಲ್ಲಿ ಯಾರೋ ಇಂಗ್ಲಿಷ್ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಮನೆಯ ಸಾಮಾನೆಲ್ಲ ಹರಾಜಾಯಿತಂತೆ. ಇವನು ಪೆಟ್ಟಿಗೆಯನ್ನೂ ಅದರ ಜೊತೆಗಿದ್ದ ನಾಲ್ಕಾರು ಪ್ಲೇಟುಗಳನ್ನೂ ಹೊತ್ತು ತಂದಿದ್ದ.

"ಬಾರಲೇ ಮೈಸೂರು ಪಂಡಿತ, ಇದರ ಮ್ಯಾಲೆ ಏನ್ ಬರೆದೈತೆ ಓದು. ನಮ್ಮಪ್ಪ ಆಗ್ಲೇ ಹಳ್ಳಕ್ಕೆ ಬಿಸಾಕ್ತೀನಿ ಅಂತ ಕುಂತಾರೆ."

ಕಾಗದದ ಹೊದಿಕೆಯ ಮೇಲೆ ಹುಕ್ಕಾದ ಹಾಗೆ ಬಾಗಿದ ಒಂದು ಕೊಳವೆಯ ಚಿತ್ರವಿತ್ತು. ಅದು ಟೆನರ್ ಸ್ಯಾಕ್ಸೊಫೋನ್ ಎಂಬ ವಾದ್ಯ, ಅಮೆರಿಕದ ಕಪ್ಪು ಜನ ನುಡಿಸುವ ಜಾಜ್ ಎಂಬ ಸಂಗೀತ ಎಂದು ಓದಿ ಹೇಳಿದೆ. ಅವನು ಕೀಲಿ ಕೊಟ್ಟ. ಉಕ್ಕಿನ ಮುಳ್ಳುಗಳು ಮುಗಿದಿದ್ದವೆಂದು ಒಂದು ಜಾಲಿ ಮುಳ್ಳನ್ನೇ ಚೂಪು ಮಾಡಿ ಸಿಕ್ಕಿಸಿದ್ದ. ಪ್ಲೇಟು ತಿರುಗಿತು.

ಆ ದನಿಯನ್ನು ಹೇಗೆ ಹೇಳಲಿ? ಓಲಗದವರ ಶಹನಾಯಿಗೆ ವಯಸ್ಸಾಗಿ, ಮದುವೆ ಮನೆಗಳ ಸಹವಾಸ ಸಾಕಾಗಿ, ಒಬ್ಬನೇ ಗುಡ್ಡದ ಬಂಡೆಗೆ ಒರಗಿ ಕೂತು ತನ್ನಷ್ಟಕ್ಕೆ ಮಾತಾಡಿಕೊಂಡರೆ ಹೇಗಿರಬಹುದು, ಹಾಗಿತ್ತು. ದಪ್ಪ, ಕಂದು, ಸ್ವಲ್ಪ ತೇವ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಅವಸರವೇ ಇರಲಿಲ್ಲ. ಹೋಗಿ ತಲುಪಿದ ಮೇಲೂ ಬಂದದ್ದು ಸರಿಯೋ ತಪ್ಪೋ ಎಂದು ಒಂದು ಗಳಿಗೆ ಯೋಚಿಸುವಂತಿತ್ತು. ಕೊನೆಗೆ ಒಬ್ಬ ಮನುಷ್ಯ ಹಾಡಿದ. ಭಾರವಾದ ಮುದಿ ಗಂಟಲು. ಮಾತು ಇಂಗ್ಲಿಷೇ ಆದರೂ ಎಳೆದೆಳೆದು ಹಾಡಿದ್ದರಿಂದ 'ಚಂದ್ರ' ಎಂಬುದೊಂದು ಬಿಟ್ಟು ನನಗೆ ಏನೂ ತಿಳಿಯಲಿಲ್ಲ.

ಹತ್ತಿರದ ಕುಣಿಯಲ್ಲಿದ್ದ ಹಿರಿಯ ನೇಕಾರ ತಲೆಯೆತ್ತಿ, ಆ ಕಡೆಯ ಅರ್ಧ ತೆಲುಗಿನ ಮಾತಿನಲ್ಲಿ ಕೇಳಿದ: "ಇದೇಂ ಪಾಟ ಸಾರೂ? ಬರ್ರೆ ಈಯಾಕ್ಕೆ ತಿಣುಕ್ದಂಗೆ ಐತಲ್ಲ?"

"ಲೇ, ಎಮ್ಮೆ ಅನ್ನಬ್ಯಾಡ. ಸಾರು ಅಳ್ತಾ ಅವರೆ ನೋಡು," ಎಂದ ಗೆಳೆಯ.

ನಾನು ಅಳುತ್ತಿರಲಿಲ್ಲ. ಆದರೆ ಅಳದೇ ಇದ್ದೆ ಎಂದೂ ಆಣೆ ಮಾಡಲಾರೆ.

ಇನ್ನೊಂದು ವಿಚಿತ್ರವನ್ನು ಅಂದೇ ಗಮನಿಸಿದೆ. ಪ್ಲೇಟಿನೊಳಗಿನ ಡೋಲಿನ ಏಟೂ, ಎಳೆಯನ್ನು ಬಡಿದು ಕೂರಿಸುವ ಮಗ್ಗದ ಹಣಿಗೆಯ ಏಟೂ ಒಟ್ಟಿಗೆ ಬೀಳುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾಯುವುದು, ಹಣಿಗೆ ಬಡಿಯುವುದು, ಆ ದೂರದೇಶದ ಡೋಲು ಹೌದೆನ್ನುವುದು. ಬೇರೆ ಯಾವುದನ್ನು ಕಂಡರೂ ಅನುಮಾನಿಸುತ್ತಿದ್ದ ನಾನು ಇದನ್ನು ಅನುಮಾನಿಸಲಿಲ್ಲ. ಸಂಜೆ ಬಸ್ಸಿನಲ್ಲಿ ತಳಕು ಊರನ್ನು ದಾಟುವಷ್ಟರಲ್ಲಿ ಒಂದು ಸಿದ್ಧಾಂತವೇ ಕಟ್ಟಿಬಿಟ್ಟಿದ್ದೆ: ದುಡಿಯುವ ಜನದ ಕೈಗೆ ಲೋಕದಲ್ಲೆಲ್ಲ ಒಂದೇ ನಡೆ ಇದೆ, ಅಮೆರಿಕದಲ್ಲಿ ಹತ್ತಿ ಬಿಡಿಸುವವರ ಮಕ್ಕಳಿಗೂ ಇಲ್ಲಿ ರೇಷ್ಮೆ ನೇಯುವವರಿಗೂ ತಾಳ ಒಂದೇ. ಎಷ್ಟು ಚೆಂದದ ಮಾತು! ಮುಂದಿನ ಭಾನುವಾರ ಗೆಳೆಯನಿಗೆ ಹೇಳಿದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿ, "ಇರಬೌದು ಕಣಲೇ," ಎಂದ. ಇದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಆಮೇಲೆ ಆದದ್ದರಿಂದ ಈ 'ಬಹಳ ಹೊತ್ತು' ನನ್ನ ನೆನಪಿಗೆ ಬಂದು ಸೇರಿತೋ ಏನೋ.

ತಿಂಗಳುಗಟ್ಟಲೆ ಹೀಗೆ ನಡೆಯಿತು. ಆ ಪ್ಲೇಟುಗಳಲ್ಲಿ ನನ್ನ ಜೀವ ಹಿಡಿದದ್ದು ಆ ಮೊದಲನೆಯದೇ. ಅದನ್ನು ಯಾರೂ ನನಗೆ ಹೊಗಳಿ ಹೇಳಿರಲಿಲ್ಲ. ಪ್ರೊಫೆಸರರು ಅದರ ಮೇಲೆ ಟಿಪ್ಪಣಿ ಬರೆಸಿರಲಿಲ್ಲ. ಒಳ್ಳೆಯದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನನ್ನ ಕಿವಿ ಕೇಳಿತು, ನನ್ನ ಕಿವಿಯೇ ಒಪ್ಪಿತು. ಎಲ್ಲವನ್ನೂ ಕಳಚಿ ನೋಡುವ ಚಟ ಹತ್ತಿದವನಿಗೆ, ಕಳಚದೆ ಇಟ್ಟುಕೊಳ್ಳಬಹುದಾದ ಒಂದು ವಸ್ತು ಸಿಕ್ಕಿತ್ತು. ಅದೂ ಹೋದರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ಅದಕ್ಕೇ ನಾನು ಅದನ್ನು ಕ್ಲಬ್ಬಿಗೆ ಒಯ್ಯಬಾರದಿತ್ತು.

ಚಳ್ಳಕೆರೆಯ ಕ್ಲಬ್ಬೆಂದರೆ ಇಸ್ಪೀಟಿನ ಎರಡು ಮೇಜು, ಒಂದು ಪತ್ರಿಕೆ, ಒಂದು ಗ್ರಾಮಫೋನು. ಕಡಲೆಕಾಯಿ ಮಂಡಿಯ ಸಾಹುಕಾರರೊಬ್ಬರು ಅಧ್ಯಕ್ಷರು. ಸಂಜೆಯಾದರೆ ನಾಟಕದ ಪದಗಳನ್ನು ಹಾಕಿ ಎಲ್ಲರೂ ಜೊತೆಗೆ ಗುನುಗುತ್ತಿದ್ದರು. ವಿದೇಶದ ಸಂಗೀತ ಬರೀ ಗದ್ದಲ ಎಂದು ಅಲ್ಲಿ ಯಾರೋ ಅಂದದ್ದಕ್ಕೆ ನಾನು ಮೈಮೇಲೆ ಬಂದವನ ಹಾಗೆ ವಾದಿಸಿದೆ. ಅಧ್ಯಕ್ಷರು ನಗುತ್ತಾ, "ಬಾಯಲ್ಲಿ ಹೇಳಿದ್ರೆ ಏನ್ ಬಂತು ಮೇಷ್ಟ್ರೇ? ಒಂದು ಭಾನುವಾರ ಹಾಕಿ ಕೇಳ್ಸಿ. ಚೆನ್ನಾಗಿದ್ರೆ ತಿಂಗಳಿಗೊಂದ್ಸಾರಿ ನಿಮ್ಮ ಪ್ಲೇಟೇ ಹಾಕಾನ. ಇಲ್ದಿದ್ರೆ ನಮ್ಮ ಪದ ನಮಗಿರ್ಲಿ," ಎಂದರು.

ಗೆಳೆಯನಿಗೆ ಹೇಳಿದೆ. ಪ್ಲೇಟು ಕೊಡಲು ಅವನು ಹಿಂದೆಮುಂದೆ ನೋಡಿದ.

"ಇಲ್ಲೇ ಕೇಳ್ತೀಯಲ್ಲ, ಅಲ್ಲಿಗ್ಯಾಕೆ? ಆ ಕಡ್ಲೆಕಾಯಿ ಸೇಟುಗಳಿಗೆ ಏನ್ ತಿಳೀತೈತೆ?"

"ತಿಳಿಸ್ತೀನಿ."

"ಲೇ, ನಿನ್ಗೆ ಚೆಂದ ಕೇಳ್ಸಿದ್ದು ಎಲ್ಲಾರ್ಗೂ ಹಂಗೇ ಕೇಳ್ಸಲ್ಲ ಕಣೋ."

ಈ ಮಾತನ್ನು ಅವನು ಎಚ್ಚರಿಕೆಯಾಗಿ ಹೇಳಿದನೆ? ಆಗ ನಾನದನ್ನು ರುಚಿಯ ವಿಷಯವೆಂದು ತಿಳಿದೆ. ರುಚಿ ಬೆಳೆಸಿಕೊಳ್ಳಬೇಕಾದದ್ದು ಎಂದು ಒಂದು ಸಣ್ಣ ಭಾಷಣ ಮಾಡಿದೆ. ಅವನು ಹೆಗಲು ಕುಣಿಸಿ, "ಆಯ್ತು, ನಾನೇ ತಗಂಡ್ ಬರ್ತೀನಿ," ಎಂದ.

ಆ ಭಾನುವಾರ ಅವನು ಪ್ಲೇಟನ್ನು ಸೀರೆ ಸುತ್ತುವ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಹಜಾರ ತುಂಬಿತ್ತು. ನನ್ನ ಮಾತಿಗಾಗಿ ಅಲ್ಲ, ಬೇರೆ ಏನೂ ಇರಲಿಲ್ಲವಾದ್ದರಿಂದ. ನಾನು ಎದ್ದು ನಿಂತು ಮಾತಾಡಿದೆ. ಕೊನೆಯಲ್ಲಿ ಹಾಡುವವನು ಎಲ್ಲವನ್ನೂ ಕಳೆದುಕೊಂಡ ಒಬ್ಬ ವೃದ್ಧ ಎಂದೆ. ಸ್ಯಾಕ್ಸೊಫೋನು ಅವನಿಗೆ ಸಮಾಧಾನ ಹೇಳುವ ನೆರೆಯವನ ಹಾಗೆ ಎಂದೆ. ಈ ವಾದ್ಯಕ್ಕೆ ಅವಸರ ಗೊತ್ತಿಲ್ಲ, ದುಃಖಕ್ಕೆ ಅವಸರ ಇರುವುದಿಲ್ಲ ಎಂದೆ. ಮಗ್ಗದ ಸಿದ್ಧಾಂತವನ್ನೂ ಹೇಳಿದೆ. ಕೆಲವರು ತಲೆದೂಗಿದರು. ಅಧ್ಯಕ್ಷರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ಗೆದ್ದೆ ಎಂದುಕೊಂಡೆ.

ಮುಳ್ಳು ಇಳಿಯಿತು.

ಹೊರಬಂದದ್ದು ಒಂದು ಕುಣಿತದ ಹಾಡು. ಡೋಲು ಕುದುರೆಗಾಡಿಯ ಹಾಗೆ ಓಡುತ್ತಿತ್ತು. ಸ್ಯಾಕ್ಸೊಫೋನು ಮಾತಾಡುತ್ತಲೇ ಇತ್ತು, ಆದರೆ ಬಂಡೆಗೆ ಒರಗಿ ಕೂತಿರಲಿಲ್ಲ. ಸಂತೆಗೆ ಹೊರಟವನ ಹಾಗೆ ಹೆಜ್ಜೆ ಹಾಕುತ್ತಾ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾ ಹೋಗುತ್ತಿತ್ತು. ಯಾವುದೋ ಬೇರೆ ಪ್ಲೇಟನ್ನು ಹಾಕಿದ್ದಾರೆಂದು ನಾನು ಬಗ್ಗಿ ನೋಡಿದೆ. ತಿರುಗುತ್ತಿದ್ದ ಪ್ಲೇಟಿನ ಮೇಲೆ ಹೆಸರು ಓದಲಾಗಲಿಲ್ಲ. ಅಷ್ಟರಲ್ಲಿ ಹಾಡು ಬಂತು. ಹಾಡಿದ್ದು ಒಬ್ಬ ಹುಡುಗಿ. ಖುಷಿಯಾಗಿ ಹಾಡಿದಳು. ಈ ಸಲ ಪ್ರತಿ ಮಾತೂ ತಿಳಿಯಿತು. ಬೆಳದಿಂಗಳಲ್ಲಿ ಕುಣಿಯೋಣ ಬಾ ಎನ್ನುತ್ತಿದ್ದಳು.

ಹಾಡು ಮುಗಿಯಿತು. ಆಮೇಲೆ ಅಧ್ಯಕ್ಷರು ಬಹಳ ಮರ್ಯಾದೆಯಿಂದ ಕೇಳಿದರು: "ಮೇಷ್ಟ್ರೇ, ಮುದುಕ ಎಲ್ರೀ?"

"ಸೀರೆ ಉಟ್ಕಂಡು ಬಂದಾನ್ರೀ," ಎಂದು ಹಿಂದಿನಿಂದ ಯಾರೋ ಕೂಗಿದರು. "ಮೊಳಕಾಲ್ಮೂರು ಸೀರೆ!"

ಹಜಾರ ಬಿದ್ದು ಬಿದ್ದು ನಕ್ಕಿತು. ನಾನು ಹಿಂಬಾಗಿಲ ಕಡೆ ನೋಡಿದ್ದು ಆಗಲೇ.

ಈ ಪೆಟ್ಟಿಗೆ ಕೆಟ್ಟಿದೆ, ಜೋರಾಗಿ ತಿರುಗುತ್ತಿದೆ ಎಂದು ನಾನು ಹಟ ಹಿಡಿದೆ. "ನೋಡೇಬಿಡಾನ," ಎಂದು ಅಧ್ಯಕ್ಷರು ನಾಟಕದ ಪದವೊಂದನ್ನು ತರಿಸಿ ಹಾಕಿದರು. ಊರಿಗೆಲ್ಲ ಬಾಯಿಪಾಠವಾಗಿದ್ದ ಪದ ಅದು; ಅದನ್ನು ಹಾಡಿದ ನಟನೂ ಚಳ್ಳಕೆರೆಯಲ್ಲಿ ಆಡಿ ಹೋದವನೇ. ಪದ ಹೇಗಿರಬೇಕೋ ಹಾಗೆಯೇ ಬಂತು. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡಿಸಿಕೊಂಡ ಯಾವ ತರ್ಕವೂ ಇಷ್ಟು ಚೊಕ್ಕವಾಗಿರಲಿಲ್ಲ. ಪೆಟ್ಟಿಗೆ ಸರಿ, ಪ್ಲೇಟು ಅದೇ, ಹಾಗಾದರೆ ತಪ್ಪಿದ್ದದ್ದು ಮೊಳಕಾಲ್ಮೂರಿನಲ್ಲಿ.

"ಪೆಟ್ಟಿಗೆ ಸರಿ ಐತೆ ಮೇಷ್ಟ್ರೇ," ಎಂದಷ್ಟೇ ಹೇಳಿ ಅಧ್ಯಕ್ಷರು ಇಸ್ಪೀಟಿನ ಮೇಜಿಗೆ ಹೋದರು.

ಹಿಂಬಾಗಿಲಲ್ಲಿ ಅವನಿರಲಿಲ್ಲ. ಕೊನೆಯ ಬಸ್ಸು ಹಿಡಿದು ಹೋಗಿದ್ದ, ನನಗೊಂದು ಮಾತೂ ಹೇಳದೆ. ಬಿಳಿ ಬಟ್ಟೆಯೂ ಪ್ಲೇಟೂ ನನ್ನ ಬಳಿಯೇ ಉಳಿದವು. ಶಾಲೆಗೆ ಹೋಗುವ ದಾರಿಯಲ್ಲಿ ಮಂಡಿಯ ಹಮಾಲರು ಆ ವಾರವೆಲ್ಲ ಮುದುಕ ಹೇಗಿದ್ದಾನೆಂದು ನನ್ನನ್ನು ವಿಚಾರಿಸಿದರು.

ಮುಂದಿನ ಭಾನುವಾರ ಪ್ಲೇಟು ವಾಪಸು ಕೊಡಲು ಹೋದೆ. ಹೋಗುವಾಗ ನನಗಿನ್ನೂ ಅವನ ಮೇಲೆ ಪೂರ್ತಿ ಸಿಟ್ಟಿರಲಿಲ್ಲ. ಪೆಟ್ಟಿಗೆಯ ವೇಗ ತಪ್ಪಿರುವುದು ಅವನಿಗೂ ತಿಳಿಯದೇ ಇರಬಹುದು, ನನ್ನ ಹಾಗೆ ಅವನೂ ಮೋಸಹೋಗಿರಬಹುದು ಎಂದು ದಾರಿಯುದ್ದಕ್ಕೂ ಅವನ ಪರವಾಗಿ ವಾದ ಜೋಡಿಸಿಕೊಂಡು ಹೋದೆ. ಅವನು ಮನೆಯಲ್ಲಿರಲಿಲ್ಲ. ಅವನ ತಾಯಿ ನಡುಮನೆಯಲ್ಲಿ ರಾಟೆಯ ಮುಂದೆ ರೇಷ್ಮೆ ಎಳೆಯನ್ನು ಕಂಡಿಕೆಗೆ ಸುತ್ತುತ್ತಾ ಕೂತಿದ್ದರು. ನನ್ನ ಕೈಲಿದ್ದ ಗಂಟು ನೋಡಿ, "ತಂದ್ಯಾ ಮಗಾ? ಒಡೆದು ಗಿಡೆದು ಹೋತೇನೋ ಅಂದ್ಕಂಡಿದ್ದೆ," ಎಂದರು.

"ಅವ್ವಾ, ಈ ಪ್ಲೇಟಿನಾಗೆ ಹಾಡೋರು ಯಾರು? ಗಂಡಸಾ, ಹೆಂಗಸಾ?"

"ಯಾವತ್ತು?"

"ಯಾವತ್ತು ಅಂದ್ರೆ?"

"ಮಗ್ಗ ನಡೆಯೋ ದಿನ ಗಂಡಸು ಹಾಡ್ತಾನೆ. ಅಮಾಸೆ ದಿನ ಹೆಣ್ಮಗಳು ಹಾಡ್ತಾಳೆ." ರಾಟೆ ನಿಲ್ಲಿಸದೆಯೇ ಹೇಳಿದರು, ದೇವಸ್ಥಾನದ ಬಾಗಿಲು ಯಾವಾಗ ತೆಗೆಯುತ್ತಾರೆಂದು ಹೇಳುವ ಹಾಗೆ. "ನನ್ಗೆ ಹೆಣ್ಮಗಳೇ ಚೆಂದ. ಆ ಗಂಡಸು ಜ್ವರ ಬಂದೋನಂಗೆ ನರಳ್ತಾನೆ."

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. ಉಳಿದದ್ದನ್ನೂ ಅವರೇ ಹೇಳಿದರು. ಪೆಟ್ಟಿಗೆ ಬಂದ ಹೊಸದರಲ್ಲಿ ಪ್ಲೇಟು ಹಾಕಿದಾಗ ನೇಯುವವರ ಕೈ ಡೋಲಿನ ಹಿಂದೆ ಓಡತೊಡಗಿತಂತೆ. ಹಾಡು ಇದ್ದಷ್ಟು ಹೊತ್ತು ಏಟು ಅವಸರ, ನಿಂತ ಮೇಲೆ ನಿಧಾನ. ಬಿಚ್ಚಿ ನೋಡಿದರೆ ಸೀರೆಯ ಮೈಮೇಲೆ ಅಡ್ಡಕ್ಕೆ ಪಟ್ಟೆ ಬಿದ್ದಿದ್ದವು. ಯಜಮಾನರು ಕೂಗಾಡಿದರು. ಮಗ್ಗದ ನಡೆ ಕೆಡಿಸದ ಹಾಗೆ ಹಾಡುವುದಾದರೆ ಪೆಟ್ಟಿಗೆ ಇರಲಿ, ಇಲ್ಲದಿದ್ದರೆ ಬೇಡ ಎಂದರು. ಮಗ ಪೆಟ್ಟಿಗೆಯ ಪಕ್ಕದ ವೇಗದ ತಿರುಪನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸುತ್ತಾ, ಡೋಲಿನ ಏಟು ಹಣಿಗೆಯ ಏಟಿಗೆ ಕೂಡಿಕೊಳ್ಳುವ ಕಡೆ ನಿಲ್ಲಿಸಿದ. ಪ್ಲೇಟು ನಿಧಾನವಾದಷ್ಟೂ ದನಿ ತಗ್ಗಿ, ಹುಡುಗಿಯ ಗಂಟಲು ಮುದುಕನದಾಯಿತು. ಅಮಾವಾಸ್ಯೆಗೆ ಆ ಜನ ಮಗ್ಗ ಮುಟ್ಟುವುದಿಲ್ಲ. ಕಾಯಿ ಒಡೆದು ಕೈಮುಗಿದು ಸುಮ್ಮನಿರುತ್ತಾರೆ. ಆ ದಿನ ಮಾತ್ರ ತಿರುಪನ್ನು ಮೊದಲಿನ ಜಾಗಕ್ಕೆ ತರುವುದು, ಮನೆಮಂದಿಯೆಲ್ಲ ಕೂತು ಹೆಣ್ಣುಮಗಳ ಹಾಡು ಕೇಳುವುದು.

ನನ್ನ ರಜೆ ಭಾನುವಾರ, ಅವರ ರಜೆ ಅಮಾವಾಸ್ಯೆ. ನಾನು ಹೋದಾಗಲೆಲ್ಲ ಮಗ್ಗ ನಡೆಯುತ್ತಿತ್ತು. ದುಡಿಯುವ ಜನಕ್ಕೆಲ್ಲ ಒಂದೇ ತಾಳವೆಂಬ ನನ್ನ ಸಿದ್ಧಾಂತ ಆ ತಿರುಪಿನ ತುದಿಯಲ್ಲಿ ಹುಟ್ಟಿತ್ತು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಮುದುಕನ ದುಃಖದ ಬಗ್ಗೆ ಮಾತಾಡುವಾಗ ಕುಣಿಗಳಲ್ಲಿ ಕೂತಿದ್ದ ಅಷ್ಟೂ ತಲೆಗಳಿಗೆ ಆ ಹುಡುಗಿಯ ದನಿ ಗೊತ್ತಿತ್ತು.

ಅವನು ಬಂದ. ನನ್ನ ಮುಖ ಕಂಡೊಡನೆ ಚಪ್ಪಲಿ ಬಿಡುವುದನ್ನು ಮರೆತು ನಿಂತ.

"ನೀನು ನಗ್ತಿದ್ದೆ," ಎಂದೆ. ನಾನು ಮೊದಲು ಆಡಿದ ಮಾತು ಅದೇ. ತಿರುಪಿನ ಮಾತಲ್ಲ.

"ಇಲ್ಲಲೇ."

"ಟವೆಲ್ ಬಾಯಿಗೆ ಇಟ್ಕಂಡಿದ್ದೆ."

"ಹೊಗೆ. ಎದುರಿಗೇ ಯಾರೋ ಬೀಡಿ ಸೇದ್ತಿದ್ರು, ಕೆಮ್ಮು ಬಂತು."

"ತಿರುಪು ತಿರುಗ್ಸಿದ್ದು ನನಗ್ಯಾಕೆ ಹೇಳ್ಲಿಲ್ಲ?"

ಅವನು ಜಗಲಿಯ ಮೇಲೆ ಕೂತ. "ಹೇಳಾನ ಅನ್ನಷ್ಟ್ರಲ್ಲಿ ನೀನು ಪುರಾಣ ಸುರು ಮಾಡಿದ್ದೆ. ಬಂಡೆ ಅಂದೆ, ದುಃಖ ಅಂದೆ. ಯಾವುದನ್ನೂ ಒಪ್ಪದೋನು ಇದೊಂದು ಒಪ್ಕಂಡು ಖುಷಿಯಾಗಿದ್ದೆ. ನಾನ್ಯಾಕೆ ಅದನ್ನ ಕೆಡಿಸ್ಲಿ?"

"ಊರಿನೋರ ಮುಂದೆ ನಿಲ್ಲೋವರ್ಗೂ ಬಿಟ್ಟೆಯಲ್ಲ!"

"ಬ್ಯಾಡ ಅಂದೆ. ನನಗೇ ರುಚಿ ಪಾಠ ಮಾಡ್ದೆ. ಅವರೂ ಪೆಟ್ಟಿಗೇನ ತಮ್ಮ ಗಾಣದ ನಡೆಗೆ ಇಟ್ಕಂಡಿರ್ತಾರೆ ಅಂದ್ಕಂಡೆ."

ಈ ಮಾತು ತಮಾಷೆಗೋ ನಿಜಕ್ಕೋ ನನಗೆ ತಿಳಿಯಲಿಲ್ಲ. ಅವನಿಗೆ ನಿಜವಾಗಿ ಹಾಗನ್ನಿಸಿರಲೂಬಹುದು. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಹಾಡಿನ ಪೆಟ್ಟಿಗೆ ದುಡಿಮೆಯ ನಡೆಗೆ ಬಗ್ಗುವುದು ಸಹಜವೇ. ಅಷ್ಟರಲ್ಲಿ ಒಳಗಿನಿಂದ ಆ ಹಿರಿಯ ನೇಕಾರ ಕೂಗಿ ಹೇಳಿದ: "ನಮಗೂ ಗೊತ್ತಿತ್ತು ಸಾರೂ. ನೀವು ಕಣ್ಮುಚ್ಚಿ ತಲೆ ಆಡಿಸ್ತಿದ್ರಲ್ಲ, ಪಾಪಂ ಅನ್ನಿಸ್ತು. ಸುಮ್ನಿದ್ವಿ."

ಪಾಪ ಅನ್ನಿಸಿತಂತೆ. ಚಳ್ಳಕೆರೆಯ ನಗುವನ್ನು ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ. ನನ್ನನ್ನು ತಿಂಗಳುಗಟ್ಟಲೆ ಮಗುವಿನ ಹಾಗೆ ಆಡಿಸಿದ್ದೀಯ, ನಿಮ್ಮ ಮನೆಯ ತೆಲುಗು ಕರುಣೆ ನನಗೆ ಬೇಡ, ಇನ್ನೂ ಏನೇನೋ ಅಂದೆ. ಆಗ ಅವನೂ ಎದ್ದು ನಿಂತ. ಅವನು ದನಿ ಏರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಿನ್ಗೆ ಗೊತ್ತೇ ಇರ್ಲಿಲ್ವಾ? ಶಿವರಾತ್ರಿ ಆದ್ಮ್ಯಾಲಿನ ಅಮಾಸೆ ಭಾನುವಾರ ಬಂದಿತ್ತು. ಮಗ್ಗ ನಿಂತಿದ್ವು. ನೀನು ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿನ ಬಸ್ಸಿಗೆ ತೂಕಡಿಸ್ತಾ ಬಂದಿದ್ದೆ. ಆವತ್ತು ಸರಿಯಾಗೇ ಹಾಕಿದ್ದೆ. ಹೆಣ್ಮಗಳು ಹಾಡಿದ್ಲು. 'ಇದ್ಯಾವ್ದೋ ಕೋಳಿ ಕೂಗ್ದಂಗೆ ಐತೆ, ತೆಗೀಲೇ, ನಮ್ಮ ಮುದುಕನ್ನ ಹಾಕು' ಅಂದೋನು ನೀನೇ. ತಿರುಪು ತಿರುಗ್ಸಿ ಅದೇ ಪ್ಲೇಟು ಹಾಕ್ದೆ. ನೋಡ್ತಾನೇ ಕುಂತಿದ್ದೆ ನೀನು."

"ಸುಳ್ಳು."

"ಅವ್ವನ್ನ ಕೇಳು."

ಅವ್ವ ರಾಟೆ ನಿಲ್ಲಿಸಿದ್ದರು. "ಬಂದಿದ್ದ ಅನ್ನಿಸ್ತದೆ," ಎಂದರು. "ಇಲ್ಲ, ಅದು ಬೇರೆ ಅಮಾಸೆನೋ ಏನೋ. ನನ್ಗೆ ಎಲ್ಲಿ ನೆಪ್ಪಿರ್ತದಪ್ಪ."

"ಅಮಾಸೆ ಯಾವ ಭಾನುವಾರನೂ ಬಂದಿರ್ಲಿಲ್ಲ," ಎಂದೆ.

"ಪಂಚಾಂಗ ನೋಡ್ಕ ಹೋಗು!"

"ಪಂಚಾಂಗ ನಂಬೋನಲ್ಲ ನಾನು."

ಈ ಮಾತು ಆಡಿದ್ದು ನಾನೇ. ಇದರಲ್ಲಿ ನನಗೆ ಅನುಮಾನವಿಲ್ಲ. ಪ್ಲೇಟನ್ನು ಜಗಲಿಯ ಮೇಲಿಟ್ಟು ಹೊರಟೆ. ಅವನು ಕರೆಯಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಚಳ್ಳಕೆರೆಯ ಕೆಲಸವನ್ನೂ ಬಿಟ್ಟೆ.

ಆಮೇಲೆ ಹಲವು ಊರು, ಹಲವು ಶಾಲೆ. ಎಲ್ಲಿಯೂ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಲ್ಲೇ ಒಂದು ಹಳೆಯ ಗ್ರಾಮಫೋನು ಕೊಂಡೆ. ಸೈನಿಕರು ಬಿಟ್ಟುಹೋದ ಪ್ಲೇಟುಗಳು ಅಲ್ಲಿನ ಅಂಗಡಿಗಳಲ್ಲಿ ರಾಶಿ ಬಿದ್ದಿದ್ದವು. ಮೊದಲು ನಾಟಕದ ಪದ ಹಾಕಿ, ಚೆನ್ನಾಗಿ ಬಲ್ಲ ದನಿಗೆ ವೇಗವನ್ನು ಹೊಂದಿಸಿಕೊಂಡು, ಆಮೇಲಷ್ಟೇ ಸ್ಯಾಕ್ಸೊಫೋನಿಗೆ ಬರುತ್ತಿದ್ದೆ. ಇವತ್ತಿಗೂ ಹಾಗೆಯೇ. ಶುರುಮಾಡುವವರಿಗೆ ನಾನು ಹೇಳಬಲ್ಲ ಬುದ್ಧಿಮಾತು ಇದೊಂದೇ.

ಇನ್ನೂ ಕೇಳಿದರೆ ಇಷ್ಟು ಹೇಳಿಯೇನು. ಆ ಕಾಲದ ದೊಡ್ಡ ಟೆನರ್ ವಾದಕರಲ್ಲಿ ಎರಡು ದಾರಿಯವರಿದ್ದಾರೆ. ಒಂದು ದಾರಿಯವರು ಎದೆ ತುಂಬ ಉಸಿರು ತುಂಬಿಕೊಂಡು, ಪ್ರತಿ ಸ್ವರವನ್ನೂ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ನುಡಿಸುತ್ತಾರೆ. ಸ್ವರ ಮುಗಿಯುವಾಗ ಅದರ ಅಂಚು ನಡುಗುತ್ತದೆ. ಅವರನ್ನು ಮೊದಲು ನಿಧಾನದ ಹಾಡುಗಳಲ್ಲಿ ಕೇಳಬೇಕು. ನಿಧಾನಕ್ಕೆಂದೇ ಕಟ್ಟಿದ ಹಾಡುಗಳಲ್ಲಿ, ತಿರುಪಿನಿಂದ ಆದ ನಿಧಾನದಲ್ಲಲ್ಲ. ಇನ್ನೊಂದು ದಾರಿಯವರ ದನಿ ಹಗುರ, ಒಣಗಿದ್ದು, ಅಲುಗಾಟ ಕಡಿಮೆ. ಪಕ್ಕದ ಮನೆಯವರಿಗೆ ಕೇಳಿಸಬಾರದೆಂಬಂತೆ ನುಡಿಸುತ್ತಾ, ತಾಳ ಮುಂದೆ ಹೋಗಲಿ, ನಾನು ಹಿಂದೆ ಬರುತ್ತೇನೆ ಎಂದು ಬಿಟ್ಟುಕೊಡುತ್ತಾರೆ. ನನಗೆ ಇವರೇ ಹೆಚ್ಚು ಹಿಡಿಸಿದರು. ಇವರು ನನ್ನನ್ನು ಯಾವುದಕ್ಕೂ ಒಪ್ಪಿಸಲು ನೋಡುವುದಿಲ್ಲ. ದಿನಕ್ಕೆ ಒಂದು ಪ್ಲೇಟಿನ ಒಂದು ಬದಿ ಸಾಕು. ಸ್ವರಕ್ಕಿಂತ ಮುಂಚೆ ಬರುವ ಉಸಿರನ್ನು ಕೇಳಿ.

ಆ ಮೊದಲನೆಯ ಪ್ಲೇಟೂ ಒಂದು ದಿನ ಅಂಗಡಿಯ ರಾಶಿಯಲ್ಲಿ ಸಿಕ್ಕಿತು. ತಂದು ಸರಿಯಾದ ವೇಗಕ್ಕೆ ಹಾಕಿ ಕೇಳಿದೆ. ಒಳ್ಳೆಯ ಪ್ಲೇಟು. ಸ್ಯಾಕ್ಸೊಫೋನಿನವನು ಜಾಣ, ಹುಡುಗಿಯ ದನಿಯಲ್ಲಿ ಕಪಟವಿಲ್ಲ. ನಾನು ಪ್ರೀತಿಸಿದ್ದು ಅದರಲ್ಲೆಲ್ಲೂ ಇರಲಿಲ್ಲ. ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಮುದುಕ ಬಂದಾನು ಎಂದು ಗೊತ್ತಿತ್ತು. ಬೆರಳು ತಿರುಪಿನ ತನಕ ಹೋಯಿತು. ತಿರುಗಿಸಲಿಲ್ಲ. ಅವನನ್ನು ಮತ್ತೆ ಕೇಳಿ ಮತ್ತೆ ಅಳು ಬಂದರೆ ಏನು ಮಾಡುವುದು?

ಶಿವರಾತ್ರಿ ಕಳೆದ ಮರುರಾತ್ರಿಯ ಆ ನಾಟಕ ನೆನಪಿದೆ. ರಾಜನ ಪಾತ್ರದವನ ಕಿರೀಟ ಬಿದ್ದದ್ದು, ಅವನು ಮಾತು ನಿಲ್ಲಿಸದೆಯೇ ಅದನ್ನು ಹೆಕ್ಕಿಕೊಂಡದ್ದು, ಬೆಳಗಿನ ಜಾವದ ಚಳಿ, ಎಲ್ಲ ಇದೆ. ಮಾರನೆಯ ದಿನ ಎಷ್ಟು ಹುಡುಕಿದರೂ ಇಲ್ಲ. ಬಸ್ಸು ಹತ್ತಿದ್ದೂ ಇಲ್ಲ, ಮನೆಯಲ್ಲಿ ಮಲಗಿದ್ದೂ ಇಲ್ಲ. ನನಗೆ ಬೇಡವಾದದ್ದನ್ನು ಕೋಳಿ ಕೂಗಿದ ಹಾಗಿದೆ ಎನ್ನುವ ಮಾತು ನನ್ನ ಬಾಯಲ್ಲಿ ಸಾಮಾನ್ಯ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅದು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ.

ಬಹಳ ವರ್ಷಗಳ ಮೇಲೆ ನಾಯಕನಹಟ್ಟಿಯಲ್ಲಿ ಬಂಧುವೊಬ್ಬರ ಮನೆಗೆ ಹೋಗಿದ್ದೆ. ಅವರ ತಂದೆ ಪುರೋಹಿತಿಕೆ ಮಾಡಿದವರು. ಹಳೆಯ ಪಂಚಾಂಗಗಳನ್ನು ಅಟ್ಟದ ಮೇಲೆ ಹಾಗೆಯೇ ಇಟ್ಟಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಏನಿಲ್ಲ ಎಂದು, ಯುದ್ಧ ಶುರುವಾದ ವರ್ಷದ ಶಿವರಾತ್ರಿಯ ಪುಟ ತೆಗೆದೆ. ಒಂದನ್ನೇ ನಂಬಬಾರದೆಂದು ಬೇರೆ ಕಡೆ ಅಚ್ಚಾದ ಇನ್ನೊಂದನ್ನೂ ತೆಗೆದು ಪಕ್ಕಕ್ಕೆ ಇಟ್ಟುಕೊಂಡೆ. ಎರಡರಲ್ಲೂ ಒಂದೇ ಇತ್ತು. ಆ ವರ್ಷ ಶಿವರಾತ್ರಿ ಶುಕ್ರವಾರ. ಅದರ ಮೇಲಿನ ಅಮಾವಾಸ್ಯೆ ಭಾನುವಾರ.